ಗಂಜಿನ ಲೆಕ್ಕದ ಮಷಿನ್ನಿಗೆ ಎಣ್ಣೆ ಬಿಡುವ ಮುಂಚೆ

ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜಿನ ಒಂದು ಅಡತ್ (ದಲ್ಲಾಳಿ) ಅಂಗಡಿಯ ಅಟ್ಟದಲ್ಲಿದ್ದ ಲೆಕ್ಕದ ಮಷಿನ್ನನ್ನು ಭಾನುವಾರ ಬಿಚ್ಚುವುದೆಂದು ನಿಕ್ಕಿಯಾಯಿತು. ಹಿಡಿಕೆ ತಿರುಗಿಸಿ ಲೆಕ್ಕ ಮಾಡುವ ಒಡ್ನರ್ ಜಾತಿಯದು. ಮುಂದೆ ಅಂಕಿ ಇಡಲು 10 ಲಿವರ್, ಕೆಳಗೆ ಪಕ್ಕಕ್ಕೆ ಸರಿಯುವ ಕ್ಯಾರೇಜ್, ಅದರಲ್ಲಿ ಉತ್ತರಕ್ಕೆ 13 ಕಿಂಡಿ, ಸುತ್ತು ಎಣಿಸಲು 8 ಕಿಂಡಿ, ಬಲಕ್ಕೊಂದು ಹಿಡಿಕೆ. ತೊಗರಿ ಹೊಟ್ಟಿನ ಧೂಳು ಹಳೆಯ ಎಣ್ಣೆಯೊಂದಿಗೆ ಕಲೆತು ಗಟ್ಟಿಯಾಗಿ, ಹಿಡಿಕೆ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ‘ಇದಕ್ಕ ಬ್ಯಾಟರಿ ಎಲ್ಲಿ ಹಾಕ್ತಾರ್ರೀ?’ ಎಂದು ಅಂಗಡಿಯ ಹುಡುಗ ಕೇಳಿದ. ಬ್ಯಾಟರಿ ಹಾಕುವ ಜಾಗವೇ ಇಲ್ಲವೆಂದರೆ ನಂಬಲಿಲ್ಲ.

ಹಿಡಿಕೆ ಅಲುಗದಿದ್ದರೆ ಬಲ ಹಾಕುವುದು ಬೇಡ, ಮೊದಲು ನೋಡಬೇಕಾದದ್ದು ಕ್ಯಾರೇಜನ್ನು. ಅದು ಎರಡು ಸ್ಥಾನಗಳ ನಡುವೆ ನಿಂತಿದ್ದರೆ, ಅಥವಾ ಅಂಕಿ ಸೊನ್ನೆ ಮಾಡುವ ಚಿಟ್ಟೆ ಆಕಾರದ ಕೀಲಿ ಅರ್ಧ ತಿರುಗಿದ್ದರೆ, ಒಳಗಿನ ತಡೆ ಹಿಡಿಕೆಯನ್ನು ಬಿಡುವುದಿಲ್ಲ. ಅದು ಕೆಟ್ಟದ್ದಲ್ಲ, ಲೆಕ್ಕ ತಪ್ಪದಿರಲೆಂದು ಇಟ್ಟ ಕಾವಲು. ಈ ಎರಡೂ ಸರಿಯಿದ್ದ ಮೇಲೂ ಹಿಡಿಕೆ ಬಿಗಿಯಾಗಿದ್ದರೆ ಜಿಡ್ಡಿನ ಮೇಲೆ ಗುಮಾನಿ ಪಡಬಹುದು. ಬಲವಂತ ಮಾಡಿದರೆ ಮುರಿಯುವುದು ಎರಕದ ಸಣ್ಣ ಹಲ್ಲು. ಅದು ಬಜಾರಿನಲ್ಲಿ ಸಿಗುವ ವಸ್ತುವಲ್ಲ.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಸ್ವೀಡನ್ನಿನ ಇಂಜಿನಿಯರ್ ಒಡ್ನರ್ ಈ ಮಷಿನ್ನನ್ನು 1890ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ. ಜರ್ಮನಿಯ ಬ್ರುನ್ಸ್‌ವಿಗಾ 1892ರಿಂದ ಇದೇ ವಿನ್ಯಾಸ ಹಿಡಿಯಿತು, ಸೋವಿಯತ್ ರಷ್ಯಾದ ಫೆಲಿಕ್ಸ್ ಕೂಡ ಇದೇ ವಂಶ. ಹಾಗಾಗಿ ಒಂದರ ಹೊಟ್ಟೆ ನೋಡಿದವರಿಗೆ ಉಳಿದವು ತೀರಾ ಹೊಸವಲ್ಲ. ಲಿವರನ್ನು 7ಕ್ಕೆ ಎಳೆದರೆ ಆ ಸ್ಥಾನದ ಚಕ್ರದಿಂದ 7 ಪಿನ್ನುಗಳು ಹೊರಚಾಚುತ್ತವೆ. ಹಿಡಿಕೆ ಒಂದು ಸುತ್ತು ಬಂದಾಗ ಅವು ಉತ್ತರದ ಚಕ್ರವನ್ನು 7 ಮನೆ ಮುಂದೂಡುತ್ತವೆ. 9 ದಾಟಿ ಸೊನ್ನೆ ಬಂದ ಗಳಿಗೆಯಲ್ಲಿ ಆ ಚಕ್ರ ಒಂದು ಕ್ಯಾರಿ ಲಿವರನ್ನು ತಳ್ಳುತ್ತದೆ. ಆ ಲಿವರು ಎಡಗಡೆಯ ಸ್ಥಾನದ ಪಿನ್ನೊಂದನ್ನು ವಾಲಿಸುತ್ತದೆ, ಅಲ್ಲಿಗೆ ಕೈಯಲ್ಲಿದ್ದ ಒಂದು ಸೇರಿತು. ಈ ಕ್ಯಾರಿ ಪಿನ್ನುಗಳು ಒಂದರ ಹಿಂದೊಂದು ಕೆಲಸ ಮಾಡುವಂತೆ ಸುರುಳಿಯಾಗಿ ಜೋಡಿಸಿರುತ್ತವೆ. ಕೂಡುವುದಕ್ಕೊಂದು, ಕಳೆಯುವುದಕ್ಕೊಂದು ಎಂದು ಪ್ರತಿ ಚಕ್ರಕ್ಕೂ ಎರಡೆರಡು.

ಬಿಚ್ಚುವಾಗ ಪ್ರತಿ ಸ್ಕ್ರೂಗೆ ಮುಂಚೆ ಒಂದು ಫೋಟೊ, ಎರಡೂ ಪಕ್ಕದಿಂದ. ಸ್ಕ್ರೂಡ್ರೈವರಿನ ತುದಿ ಗೀರಿನ ಅಗಲಕ್ಕೆ ಸರಿಹೊಂದಬೇಕು, ಸಡಿಲವಾದರೆ ತಲೆ ಕಿತ್ತುಬರುತ್ತದೆ. ಫ್ಯಾನ್ ಬಂದ್. ಸ್ಪ್ರಿಂಗ್ ಹಾರಿದರೆ ಹುಡುಕಲೆಂದು ಕೆಳಗೆ ಬಿಳಿ ಬಟ್ಟೆ.

ಆ ಫೋಟೊಗಳ ವಿಷಯ ಒಂದಿಷ್ಟು. ಅಂಗಡಿಯಲ್ಲಿ ತೆಗೆದರೆ ಹಿಂದೆ ಖಾತೆಯ ಪುಟ, ರೈತರ ಹೆಸರು, ಬಾಕಿ ಎಲ್ಲವೂ ಬೀಳುತ್ತದೆ. ಫೋನು ಅದನ್ನು ಯಾರನ್ನೂ ಕೇಳದೆ ಕ್ಲೌಡಿಗೆ ಏರಿಸಿಬಿಡಬಹುದು. ಅದಕ್ಕೆ ಸಿಂಕ್‌ಥಿಂಗ್ ಎಂಬ ತಂತ್ರಾಂಶ ಒಳ್ಳೆಯದು. ಫೋನಿನಿಂದ ಲ್ಯಾಪ್‌ಟಾಪಿಗೆ ಮನೆಯ ವೈಫೈ ಮೂಲಕವೇ ಕಳಿಸುತ್ತದೆ, ನಡುವೆ ಯಾರ ಸರ್ವರೂ ಬೇಡ. ಸೆಟ್ಟಿಂಗಿನಲ್ಲಿ ಇಂಟರ್ನೆಟ್ ಮೂಲಕ ಹುಡುಕುವ ಗ್ಲೋಬಲ್ ಡಿಸ್ಕವರಿ, ಹೊರಗಿನ ಸರ್ವರ್ ಮೂಲಕ ದಾಟಿಸುವ ರಿಲೇ ಎರಡನ್ನೂ ಬಂದ್ ಮಾಡಿ, ಮನೆಯ ವೈಫೈಯಲ್ಲೇ ಹುಡುಕುವ ಲೋಕಲ್ ಡಿಸ್ಕವರಿ ಮಾತ್ರ ಉಳಿಸಬೇಕು. ಫೋನು, ಲ್ಯಾಪ್‌ಟಾಪು ಒಂದನ್ನೊಂದು ಕಾಣದಿದ್ದರೆ, ವೈಫೈಯಲ್ಲಿರುವ ಸಾಧನಗಳನ್ನು ಪರಸ್ಪರ ಬೇರ್ಪಡಿಸುವ ರೌಟರಿನ ಎಪಿ ಐಸೊಲೇಷನ್ ಬಂದ್ ಇದೆಯೇ ನೋಡಿ. ಅದು ಸರಿಯಿದ್ದರೆ ಲ್ಯಾಪ್‌ಟಾಪಿನ ಫೈರ್‌ವಾಲ್‌ನಲ್ಲಿ ಟಿಸಿಪಿ 22000, ಯುಡಿಪಿ 21027 ಪೋರ್ಟುಗಳನ್ನು ತೆರೆಯಿರಿ. ಫೋನಿನಲ್ಲಿ ಬ್ಯಾಟರಿ ಉಳಿತಾಯ ಇದನ್ನು ಮಲಗಿಸದಂತೆ ವಿನಾಯಿತಿ ಕೊಡಬೇಕು. ಇದು ಬ್ಯಾಕಪ್ ಅಲ್ಲ ಎಂಬುದು ನೆನಪಿರಲಿ: ಫೋನಿನಲ್ಲಿ ಅಳಿಸಿದ್ದು ಲ್ಯಾಪ್‌ಟಾಪಿನಲ್ಲೂ ಅಳಿಯುತ್ತದೆ, ಅಲ್ಲಿ ಹಳೆಯ ಪ್ರತಿ ಉಳಿಸುವ ವರ್ಷನಿಂಗ್ ಹಾಕಿಡದಿದ್ದರೆ ಜೋಡಿಸುವ ಹೊತ್ತಿಗೆ ಪಜೀತಿ. ಯಾರಿಗಾದರೂ ಫೋಟೊ ಕಳಿಸುವ ಮುಂಚೆ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಫೋಟೊದೊಳಗೆ ಅಡಗಿರುವ ಜಾಗದ ಮಾಹಿತಿ ತೆಗೆಯಿರಿ. ಅದು ಹಳೆಯ ಪ್ರತಿಯನ್ನು ‘ಒರಿಜಿನಲ್’ ಎಂಬ ಬಾಲದೊಂದಿಗೆ ಪಕ್ಕದಲ್ಲೇ ಬಿಟ್ಟಿರುತ್ತದೆ, ಅದರಲ್ಲಿ ಜಾಗ ಹಾಗೇ ಇರುತ್ತದೆ. ಎಲ್ಲ ಮಾಹಿತಿಯನ್ನೂ ಒರೆಸಿದರೆ ಕೆಲವು ಫೋಟೊ ಅಡ್ಡ ಮಲಗುತ್ತವೆ. ಯಾವ ಕಡೆ ಮೇಲೆಂಬ ಗುರುತೂ ಅಲ್ಲೇ ಇದ್ದದ್ದು.

ತೊಳೆಯಲು ಹಿಂದೆ ಚಿಮಣಿ ಎಣ್ಣೆ ಇತ್ತು, ಈಗ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಆದೀತು. ಪೆಟ್ರೋಲ್ ಖಂಡಿತ ಬೇಡ. ಕಲಬುರಗಿಯ ಬಿಸಿಲಿನಲ್ಲಿ ಟರ್ಪೆಂಟೈನ್ ಆವಿಯೇ ಸಾಕಷ್ಟು ಅಪಾಯ, ಬೆಳಿಗ್ಗೆ ತಂಪಿನಲ್ಲಿ, ಬಯಲಲ್ಲಿ ಮಾಡುವುದು ಲೇಸು. ನೆನೆಸುವುದು ಪಿನ್ ಚಕ್ರಗಳ ಉರುಳೆಯನ್ನು ಮಾತ್ರ. ಅಂಕಿಯ ಚಕ್ರ, ಬಣ್ಣದ ಕವಚ, ರಬ್ಬರಿನ ಕಾಲು ಹೊರಗೇ ಇರಲಿ. ಐಸೊಪ್ರೊಪೈಲ್ ಆಲ್ಕೊಹಾಲ್ ಜಿಡ್ಡು ಬೇಗ ಬಿಡಿಸುತ್ತದೆ ನಿಜ, ಅಂಕಿಗಳ ಬಣ್ಣವನ್ನೂ ಬಿಡಿಸೀತು. ಉರುಳೆಯನ್ನು ಪೂರ್ತಿ ಬಿಚ್ಚಬೇಕೆಂಬ ಚಪಲ ಹಲವರಿಗೆ ಬರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಅಗತ್ಯವಿಲ್ಲ: ಒಂದೆರಡು ಗಂಟೆ ನೆನೆಸಿ, ಲಿವರುಗಳನ್ನು 0ಯಿಂದ 9ಕ್ಕೆ ಆಡಿಸುತ್ತ ಅರ್ಧ ಇಂಚಿನ ಬ್ರಶ್ಶಿನಿಂದ ತಿಕ್ಕಿದರೆ ಕಪ್ಪು ಕೆಸರು ತಾನೇ ಇಳಿಯುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿ ಸ್ಪ್ರಿಂಗನ್ನು ಹಾರಿಸುತ್ತದೆ, ಜೊತೆಗೆ ನೀರಿನ ಹನಿಯನ್ನೂ ಒಳಗೆ ಕಳಿಸುತ್ತದೆ. ಕೈಯಿಂದ ಒತ್ತುವ ರಬ್ಬರ್ ಬ್ಲೋವರ್ ಸಾಕು.

ಎಣ್ಣೆ ಎಂದರೆ ಹೊಲಿಗೆ ಮಷಿನ್ನಿನ ಎಣ್ಣೆ. ಸಿರಿಂಜಿನ ಸೂಜಿಯಿಂದ ಅಚ್ಚಿನ ಎರಡು ತುದಿಗೆ ಒಂದೊಂದು ಹನಿ, ಕ್ಯಾರಿ ಲಿವರು ವಾಲುವ ಕೀಲಿಗೆ ಸೂಜಿಯ ತುದಿಗೆ ಅಂಟಿದಷ್ಟು. ಪಿನ್ನುಗಳು ಒಣಗಿದಂತೆಯೇ ಇರಲಿ. ಇಲ್ಲಿಯ ಧೂಳಿಗೆ ಎಣ್ಣೆ ಹೆಚ್ಚಾದರೆ ಮತ್ತೆ ಅದೇ ಲೇಪ. ತುಕ್ಕು ಬಿಡಿಸುವ ಡಬ್ಬಿ ಸ್ಪ್ರೇಯನ್ನು ಎಣ್ಣೆಯೆಂದು ಹೊಡೆಯಬಾರದು, ಕೆಲ ಕಾಲದ ನಂತರ ಅದೂ ಅಂಟಾಗುತ್ತದೆ.

ಇನ್ನು ಪರೀಕ್ಷೆ. ಎಲ್ಲ ಲಿವರು 9ಕ್ಕೆ, ಒಂದು ಸುತ್ತು. ನಂತರ ಎಲ್ಲ ಸೊನ್ನೆ, ಬಲತುದಿಯದು 1, ಇನ್ನೊಂದು ಸುತ್ತು. ಹತ್ತು ಸೊನ್ನೆಯ ಎಡಕ್ಕೆ 1 ನಿಲ್ಲಬೇಕು. ಈ ಮಷಿನ್ನಿನಲ್ಲಿ ಬಲದಿಂದ ನಾಲ್ಕು ಸೊನ್ನೆ ಬಂದು ಐದನೆಯದು 9 ಆಗಿಯೇ ಉಳಿಯಿತು. ಅಂದರೆ ನಾಲ್ಕನೆಯ ಚಕ್ರ ತಳ್ಳಬೇಕಾದ ಕ್ಯಾರಿ ಲಿವರು ಜಿಡ್ಡಿನಿಂದ ಪೂರ್ತಿ ವಾಲುತ್ತಿಲ್ಲ. ತಿರುವುಮುರುವಾಗಿ, ಅಗತ್ಯವಿಲ್ಲದೆಡೆ ಒಂದು ಹೆಚ್ಚಾಗಿ ಬಂದರೆ ಲಿವರು ಹಿಂದಿನ ಸುತ್ತಿನಿಂದ ಮರಳಿಲ್ಲವೆಂದು ತಿಳಿಯಬೇಕು. ಎರಡಕ್ಕೂ ಮದ್ದು ಅದೇ ಕೀಲಿಗೆ ಹನಿ ಟರ್ಪೆಂಟೈನ್, ಬೆರಳಿನಿಂದ ಹತ್ತಾರು ಸಲ ಆಡಿಸುವುದು. ಸ್ಪ್ರಿಂಗನ್ನು ಎಳೆದು ಬಿಗಿ ಮಾಡುವುದು ಕೊನೆಯ ಉಪಾಯ. ಕೂಡುವುದು ಸರಿಯಾಯಿತೆಂದು ಮುಚ್ಚಳ ಹಾಕಬೇಡಿ: ಹಿಡಿಕೆಯನ್ನು ಹಿಮ್ಮುಖವಾಗಿ ತಿರುಗಿಸಿ ಸೊನ್ನೆಯಿಂದ 1 ಕಳೆಯಿರಿ. ಸಾಲಾಗಿ 9 ಬಂದು ಗಂಟೆ ಬಾರಿಸಬೇಕು. ಹಳೆಯ ಕೆಲವು ಮಾದರಿಗಳಲ್ಲಿ ಎಡತುದಿಯ ಒಂದೆರಡು ಸ್ಥಾನಕ್ಕೆ ಕ್ಯಾರಿಯೇ ಇರುವುದಿಲ್ಲ, ಅದನ್ನು ದೋಷವೆಂದು ಅಗೆಯಲು ಹೋಗಬಾರದು. ಹಿಡಿಕೆಯನ್ನು ಜೋರಾಗಿ ಬೀಸಿದರೂ ಚಕ್ರ ಮನೆ ದಾಟಿ ತಪ್ಪು ಅಂಕಿ ಬರುತ್ತದೆ.

ಮಧ್ಯಾಹ್ನ ಗಂಜಿನದೇ ಲೆಕ್ಕ ಕೊಟ್ಟು ನೋಡಿದ್ದು: ಕ್ವಿಂಟಲಿಗೆ 7150 ರೂಪಾಯಿ ಎಂದಿಟ್ಟುಕೊಂಡು 37.45 ಕ್ವಿಂಟಲ್ ತೊಗರಿ. ಲಿವರಿನಲ್ಲಿ 7150, ಐದು ಸುತ್ತು, ಕ್ಯಾರೇಜ್ ಒಂದು ಮನೆ ಸರಿಸಿ ನಾಲ್ಕು, ಮತ್ತೆ ಸರಿಸಿ ಏಳು, ಮತ್ತೆ ಮೂರು. 19 ಸುತ್ತಿಗೆ 26776750, ಎರಡು ದಶಾಂಶ ಬಿಟ್ಟರೆ 2,67,767 ರೂಪಾಯಿ 50 ಪೈಸೆ. ಎಣಿಕೆಯ ಕಿಂಡಿಯಲ್ಲಿ 3745 ಕಾಣುತ್ತದೆ, ತೂಕ ತಪ್ಪಾಗಿ ಹೊಡೆದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮೊಬೈಲಿನ ಕ್ಯಾಲ್ಕುಲೇಟರುಗಳಲ್ಲಿ ಎಷ್ಟೋ ಸಲ ಈ ಸೌಕರ್ಯವಿಲ್ಲ.

ಎತ್ತಿಡುವಾಗ ಲಿವರೆಲ್ಲ ಸೊನ್ನೆಗೆ, ಹಿಡಿಕೆ ತನ್ನ ಮನೆಗೆ. ಮೇಲೆ ಹತ್ತಿ ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಬೇಡ, ಮಳೆಗಾಲದಲ್ಲಿ ಒಳಗೇ ಬೆವರಿ ತುಕ್ಕು ಹಿಡಿಸುತ್ತದೆ. ತಿಂಗಳಿಗೊಮ್ಮೆ ಕೂಡುವ ಕಡೆಗೆ ಹತ್ತು, ಕಳೆಯುವ ಕಡೆಗೆ ಹತ್ತು ಸುತ್ತು ತಿರುಗಿಸಿದರೆ ಎಣ್ಣೆ ಒಂದೆಡೆ ಕೂರುವುದಿಲ್ಲ.