ರಂಗಾಯಣದ ಪಕ್ಕದಲ್ಲಿ ಓದಿದವರು

ನಾನು ಪದವಿ ಓದುತ್ತಿದ್ದಾಗ ಭಾನುವಾರ ಸಂಜೆ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಾಟಕವಿದ್ದರೆ ನಮ್ಮ ಹಾಸ್ಟೆಲಿನ ಹುಡುಗರ ಒಂದು ದಂಡೇ ಅಲ್ಲಿರುತ್ತಿತ್ತು. ಟಿಕೆಟಿನ ದರ ನಮ್ಮ ಜೇಬಿಗೆ ಎಟುಕುವಂತಿತ್ತು. ನಮ್ಮಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದವರು. ಹಬ್ಬಕ್ಕೋ ಜಾತ್ರೆಗೋ ಹಾರ್ಮೋನಿಯಂ ಮೇಷ್ಟರು ಕಲಿಸಿದ ಪೌರಾಣಿಕ ನಾಟಕ ಬಿಟ್ಟರೆ ಬೇರೆ ರಂಗಭೂಮಿಯನ್ನು ಕಂಡಿರಲಿಲ್ಲ.

ಮೈಸೂರಿನ ರಂಗಾಯಣ ಎಂಬ ಈ ನಾಟಕ ಸಂಸ್ಥೆ 1989ರಲ್ಲಿ ರಾಜ್ಯ ಸರ್ಕಾರದ ಬೆಂಬಲದಿಂದ ಆರಂಭವಾಯಿತು. ಬಿ.ವಿ. ಕಾರಂತರು ಮೊದಲ ನಿರ್ದೇಶಕರು. ನಟನೆಯನ್ನೇ ಉದ್ಯೋಗವಾಗಿ ನೆಚ್ಚಿಕೊಂಡ ಯುವಕ ಯುವತಿಯರಿಗೆ ಅಲ್ಲಿ ತಿಂಗಳ ಸಂಬಳ ಸಿಕ್ಕಿತು. ಹಗಲು ಬೇರೆ ಕೆಲಸ ಮಾಡಿ ರಾತ್ರಿ ತಾಲೀಮಿಗೆ ಓಡಿಬರುವ ಹವ್ಯಾಸಿಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ದಿನವಿಡೀ ದೇಹ, ದನಿಗಳನ್ನು ಪಳಗಿಸಲು ಬೇಕಾದ ಬಿಡುವು ಅವರಿಗೆಲ್ಲಿ? ಆ ಬಿಡುವನ್ನು ರಂಗಾಯಣದ ಕಲಾವಿದರಿಗೆ ಒದಗಿಸಿದ್ದು ಸಾರ್ವಜನಿಕರ ಹಣ. 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ‘ಮಲೆಗಳಲ್ಲಿ ಮದುಮಗಳು’ ರಂಗಕ್ಕೆ ಬಂತು. ಕುವೆಂಪು ಅವರ ಆ ಬೃಹತ್ ಕಾದಂಬರಿಯನ್ನು ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ ಆಡಿದರು. ದೃಶ್ಯ ಬದಲಾದಂತೆ ಪ್ರೇಕ್ಷಕರೇ ಎದ್ದು ಇನ್ನೊಂದು ರಂಗಸ್ಥಳಕ್ಕೆ ನಡೆಯಬೇಕಿತ್ತು. ಕಂಬಳಿ ಹೊದ್ದ ಅಜ್ಜಿಯರ ಜೊತೆ ನಾವೂ ನಡೆದೆವು. ಲಾಭದ ಲೆಕ್ಕ ಹಾಕುವ ಯಾವ ಕಂಪನಿಯೂ ಇಂಥ ಸಾಹಸಕ್ಕೆ ಕೈಹಾಕಲಾರದು.

ನಾನು ಹೆಚ್ಚು ಋಣಿಯಾಗಿರುವುದು ಮಾತ್ರ ಕಾಲೇಜು ರಂಗೋತ್ಸವಕ್ಕೆ. ರಂಗಾಯಣದ ಕಲಾವಿದರೊಬ್ಬರು ತರಗತಿ ಮುಗಿದ ಮೇಲೆ ನಮ್ಮ ಕಾಲೇಜಿಗೇ ಬಂದು ನಾಟಕ ಕಲಿಸಿದರು. ಬೆಂಚುಗಳನ್ನು ಗೋಡೆಗೆ ಸರಿಸಿ, ನಮ್ಮನ್ನು ನೆಲದ ಮೇಲೆ ಕೂರಿಸಿ, ಮೊದಲು ಎಲ್ಲರಿಂದಲೂ ಗಟ್ಟಿಯಾಗಿ ಓದಿಸಿದರು. ಚಾಮರಾಜನಗರದ ಕಡೆಯ ಗೆಳೆಯನೊಬ್ಬ ತರಗತಿಯಲ್ಲಿ ಬಾಯಿಬಿಟ್ಟವನೇ ಅಲ್ಲ. ತನ್ನ ಊರಿನ ಮಾತಿಗೆ ಇತರರು ನಕ್ಕಾರೆಂಬ ಅಳುಕು ಅವನಿಗೆ. ಪಾತ್ರವನ್ನು ಆ ಊರಿನ ಕನ್ನಡದಲ್ಲೇ ಆಡು ಎಂದರು ನಿರ್ದೇಶಕರು. ತಾಲೀಮು ಮುಂದುವರಿದಂತೆ ಉಳಿದವರೆಲ್ಲ ಅವನ ಬಳಿ ಕುಳಿತು ಆ ಏರಿಳಿತವನ್ನು ಕಲಿಯತೊಡಗಿದೆವು. ಪ್ರದರ್ಶನದ ದಿನ ಅವನ ತಂದೆ ತಾಯಿ ಬಸ್ ಹತ್ತಿ ಬಂದಿದ್ದರು. ನಾನು ಬೆಳಕಿನ ಹಲಗೆಯ ಹಿಂದೆ ನಿಂತಿದ್ದೆ. ಅವನ ಮೊದಲ ಮಾತಿಗೇ ಸಭಾಂಗಣ ಕಿವಿಯಾಯಿತು.

ನಾಟಕಕ್ಕೇಕೆ ಸರ್ಕಾರದ ದುಡ್ಡು, ಅದರಲ್ಲಿ ರಸ್ತೆ ಮಾಡಬಾರದೇ ಎಂದು ಕೇಳುವವರಿದ್ದಾರೆ. ರಸ್ತೆ ಬೇಕು, ನಿಜ. ಆದರೆ ಟಿಕೆಟಿನ ಗಳಿಕೆಯನ್ನೇ ನಂಬಿದ ರಂಗಭೂಮಿ ನಮ್ಮಂಥವರ ಕಾಲೇಜಿನ ಬಾಗಿಲಿಗೆ ಬರುವುದಿಲ್ಲ. ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ರಂಗಾಯಣಗಳಾದಾಗ ನಾನು ಸಂತೋಷಪಟ್ಟಿದ್ದು ಇದಕ್ಕಾಗಿಯೇ. ಈಗ ನನ್ನ ಮಗಳು ಬೇಸಿಗೆಯಲ್ಲಿ ಮೈಸೂರು ರಂಗಾಯಣದ ಮಕ್ಕಳ ಶಿಬಿರವಾದ ಚಿಣ್ಣರ ಮೇಳಕ್ಕೆ ಹೋಗುತ್ತಾಳೆ. ಅಧಿಕಾರಿಯ ಮಗ, ಆಟೋ ಚಾಲಕರ ಮಗಳು ಅವಳ ಜೊತೆ ಒಂದೇ ಹಾಡಿಗೆ ಹೆಜ್ಜೆ ಹಾಕುತ್ತಾರೆ.

ಮೊದಲ ತಲೆಮಾರಿನ ಕಲಾವಿದರು ನಿವೃತ್ತಿಯ ವಯಸ್ಸು ಮುಟ್ಟಿದ್ದಾರೆ. ಅವರ ಜಾಗಕ್ಕೆ ಬರುವವರಿಗೂ ಅದೇ ಸಂಬಳದ ನೆಮ್ಮದಿ ಸಿಗಬೇಕೆಂದು ನಾವು, ಅವರಿಂದ ಕಲಿತವರು, ಗಟ್ಟಿಯಾಗಿ ಕೇಳಬೇಕು. ನಮ್ಮ ಕಾಲೇಜು ಈ ವರ್ಷವೂ ಒಂದು ನಾಟಕ ಕಟ್ಟಲಿ. ಬೆಳಕಿನ ಕೆಲಸಕ್ಕೆ ಕೈ ಸಾಲದಿದ್ದರೆ ಸಂಜೆ ಐದರ ನಂತರ ನಾನು ಬರುತ್ತೇನೆ.