ಮಿಂಟ್ ಹಾಕಿದ್ದು ಸಲೀಸು, ಅರ್ಕಾವೊತ್ತಿನದ್ದೇ ಕಾಟ

ಅರ್ಕಾವೊತ್ತು, ಅಂದರೆ 'ದುರ್ಗ'ದಲ್ಲಿ ಗ ಪಕ್ಕ ಬರೆಯೋ 'ರ್' ಚಿಹ್ನೆ, ಕೊನೆಗೂ ತನ್ನ ಜಾಗಕ್ಕೆ ಬಂದು ಕೂತಿದೆ. ಸೋದರಮಾವನ ಕಡತಗಳಲ್ಲಿ 'ಚಿತ್ರದುರ್ಗ' ಅಂತ ಹುಡುಕಿದರೆ ಈಗ ಸಿಗುತ್ತದೆ!

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತಲ್ವಾ, ಸೋದರಮಾವನ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಭದ್ರತಾ ಚಿಪ್ ಇಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಹಾಕಿದೆ. ಟೈಪಿಂಗ್‌ಗೆ ಐಬಸ್ ಅನ್ನೋ ತಂತ್ರಾಂಶದಲ್ಲಿ ಮೊದಲಿನ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಹಾಕಿಕೊಟ್ಟೆ, ಮಾವನ ಬೆರಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಹೊಸ ಎಸ್‌ಎಸ್‌ಡಿ ಡಿಸ್ಕ್ ಮಾತ್ರ ಸತಾಯಿಸಿತು. ದಾವಣಗೆರೆಯ ಅಂಗಡಿಯವರದ್ದು ದಿನಾ ಒಂದೇ ಪಾಠ, "ನಾಳೆ ಬೆಂಗಳೂರಿಂದ ಬರ್ತೈತಿ ಸಾರ್". ಕೊನೆಗೆ ಕೊಟ್ಟರು. ಜೊತೆಗೆ "ವಿಂಡೋಸ್ ಹಾಕ್ಕೊಡ್ಲಾ, ಆಫೀಸ್ ಫ್ರೀ" ಅಂತ ಪಿಸುಮಾತು ಬೇರೆ.

ನಿಜವಾದ ತಲೆನೋವು ಮಾವನ ಕಡತಗಳು. ಪಾಳೆಯಗಾರರ ಬಗ್ಗೆ, ಇಲ್ಲಿನ ಗರಡಿಮನೆಗಳ ಬಗ್ಗೆ ರಾಶಿ ಟಿಪ್ಪಣಿ, ಎಲ್ಲ 'ನುಡಿ' ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ. ಫಾಂಟ್ ಕಾಪಿ ಮಾಡಿ ಫಾಂಟ್ ಪಟ್ಟಿ ಹೊಸದು ಮಾಡೋ ಎಫ್‌ಸಿ-ಕ್ಯಾಶ್ ಆಜ್ಞೆ ಓಡಿಸಿದರೆ ಓದಲು ಬರುತ್ತದೆ. ಹುಡುಕಲು ಬರಲ್ಲ, ಒಳಗಿರೋದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳು. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರೋ ಯೂನಿಕೋಡ್‌ಗೆ ಬದಲಿಸಲೇಬೇಕು. 1997ರ ತನಕ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಆದ್ದರಿಂದ ಪುಟಪುಟಕ್ಕೂ ಆ ಹೆಸರು, ಪುಟಪುಟಕ್ಕೂ ಅರ್ಕಾವೊತ್ತು.

ಆಸ್ಕಿಯಲ್ಲಿ ನಾವು ಕೈಯಲ್ಲಿ ಬರೆಯೋ ಹಾಗೆ ಮೊದಲು 'ಗ', ಆಮೇಲೆ ಅರ್ಕಾವೊತ್ತು. ಯೂನಿಕೋಡ್‌ಗೆ ಉಚ್ಚಾರದ ಕ್ರಮ ಬೇಕು: ರ, ವಿರಾಮ (ವ್ಯಂಜನದ ಸ್ವರ ತೆಗೆಯೋ ಚಿಹ್ನೆ), ಗ. ಒಂದಕ್ಷರ ಹಿಂದಕ್ಕೆ ತಳ್ಳಿದರೆ 'ದುರ್ಗ' ಸರಿಹೋಯಿತು. 'ಕೀರ್ತಿ' ಕೆಟ್ಟಿತು: 'ತಿ' ಒಳಗೆ ತ ಬೇರೆ, ಗುಡಿಸು (ಇ ಚಿಹ್ನೆ) ಬೇರೆ, ಅರ್ಕಾವೊತ್ತು ಅವೆರಡರ ನಡುವೆ ನುಗ್ಗಿತು. "ಏನೋ ಇದು, ಅಕ್ಷರದ ತುಂಬಾ ಚುಕ್ಕಿ ಬಂದೈತಲ್ಲೋ" ಅಂದರು ಮಾವ. ವ್ಯಂಜನ, ಅದರ ವೊತ್ತು, ಸ್ವರಚಿಹ್ನೆ, ಇಷ್ಟನ್ನೂ ಒಟ್ಟಿಗೆ ಹಿಡಿದು ಅದರ ಮುಂದೆ 'ರ್' ಇಡುವ ಹಾಗೆ ಪೈಥಾನ್‌ನಲ್ಲಿ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕೋ ಸೂತ್ರ) ಬರೆದ ಮೇಲೆ 'ಪಾರ್ಶ್ವ' ಕೂಡ ಬಗ್ಗಿತು.

ಆಗ 'ರ‍್ಯಾಲಿ' ಕೈಕೊಟ್ಟಿತು. ಇಲ್ಲಿ ರ ಪೂರ್ತಿ ಇರಬೇಕು, ಯ ಅದರ ವೊತ್ತಾಗಬೇಕು. ಸುಮ್ನೆ ಬದಲಿಸಿದರೆ ಅದೂ ಅರ್ಕಾವೊತ್ತಾಗಿ ಬಿಡುತ್ತದೆ. ರ ಆದ ಮೇಲೆ, ವಿರಾಮಕ್ಕೆ ಮೊದಲು, ಕಣ್ಣಿಗೆ ಕಾಣದ ಒಂದು ಜೀರೋ ವಿಡ್ತ್ ಜಾಯ್ನರ್ ತುರುಕಬೇಕು. ಕಾಣದೇ ಇರೋದನ್ನು ಡೀಬಗ್ ಮಾಡೋ ಸುಖ ಶತ್ರುವಿಗೂ ಬೇಡ.

ಅಂದಹಾಗೆ ಮುಂದಿನದ್ದು ಟೆಸರಾಕ್ಟ್, ಚಿತ್ರದಲ್ಲಿರೋ ಅಕ್ಷರ ಓದೋ ತಂತ್ರಾಂಶ. ಅದಕ್ಕೆ ಕನ್ನಡ ಬರುತ್ತದೆ, ಮಾವನ ಹತ್ತಿರ ಹಳೇ ಕುಸ್ತಿ ಕರಪತ್ರಗಳ ಕಟ್ಟೇ ಇದೆ. ಸ್ಕ್ಯಾನರ್ ಹುಡುಕುತ್ತಿದ್ದೇನೆ, ಆ ಅಂಗಡಿಗೆ ಮಾತ್ರ ಹೋಗಲ್ಲ.

ಮಾವನ ಟಿಪ್ಪಣಿಗಳ ನಡುನಡುವೆ ಇದ್ದ ಇಂಗ್ಲಿಷ್ ಪದಗಳೂ ಬದಲಿಸುವಾಗ ಕನ್ನಡವಾಗಿ ಕುಲಗೆಡುತ್ತಿದ್ದವು. ಡಾಕ್ಸ್ (ವರ್ಡ್) ಕಡತ ಅಂದರೆ ಹಲವು ಕಡತಗಳ ಜಿಪ್ ಗಂಟು ತಾನೇ, ಬಿಚ್ಚಿದರೆ ಪಠ್ಯದ ತುಂಡುಗಳಿಗೆ ಸಾಮಾನ್ಯವಾಗಿ ಫಾಂಟಿನ ಹೆಸರು ಇರುತ್ತದೆ. ನುಡಿ ಅಂತ ಇದ್ದದ್ದನ್ನಷ್ಟೇ ಬದಲಿಸಿದೆ. ಅಡಿಟಿಪ್ಪಣಿಗಳು ಅದೇ ಜಿಪ್ಪಿನೊಳಗೆ ಬೇರೆ ಎಕ್ಸ್‌ಎಂಎಲ್‌ನಲ್ಲಿ ಕೂತಿವೆ, ಅವನ್ನು ಇನ್ನೂ ಮುಟ್ಟಿಲ್ಲ.