ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಕೋಡನ್ನು ಓದಿದ ದಿನ

ಅಂಕಿಯಲ್ಲಿರುವ ಮೊತ್ತವನ್ನು ಅಕ್ಷರದಲ್ಲಿ ಬರೆದುಕೊಡುವ ಒಂದು ಮುಕ್ತ ಪೈಥಾನ್ ಲೈಬ್ರರಿಗೆ (ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಕೋಡಿನ ಕಟ್ಟಿಗೆ) ಯಾರೋ ಕನ್ನಡ ಸೇರಿಸಿ ಪುಲ್ ರಿಕ್ವೆಸ್ಟ್, ಅಂದರೆ ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳಿಸಿದ್ದರು. ಅದನ್ನು ಪರಿಶೀಲಿಸುವ ಕೆಲಸ ಮಂಗಳೂರಿನ ನಮ್ಮ ಗುಂಪಿಗೆ ಬಂತು. ಬಂದರಿನ ಅಡಿಕೆ ಮಂಡಿಯ ರಶೀದಿ, ಸಹಕಾರಿ ಸಂಘದ ವೋಚರ್, ಚೆಕ್ಕು ಇಂಥಲ್ಲೆಲ್ಲ ಬಳಕೆಯಾಗಬಹುದಾದ ಕೋಡ್ ಇದು. ಅಂಕಿ ಮತ್ತು ಅಕ್ಷರ ಬೇರೆಬೇರೆಯಾಗಿದ್ದರೆ ಅಕ್ಷರದಲ್ಲಿರುವುದೇ ಮೊತ್ತ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮು ಹೇಳುತ್ತದೆ. ಹಾಗಾಗಿ ಒಂದು ಪದವೂ ಹೆಚ್ಚುಕಡಿಮೆ ಆಗುವಂತಿಲ್ಲ.

ಕೋಡಿನ ಉತ್ತರವನ್ನು ಬರಬೇಕಾದ ಉತ್ತರದೊಂದಿಗೆ ಹೋಲಿಸುವ ಟೆಸ್ಟುಗಳೆಲ್ಲ ಪಾಸಾಗಿದ್ದವು. ಆದರೆ ಬರಬೇಕಾದ ಉತ್ತರಗಳನ್ನು ಅದೇ ಕೋಡ್ ಓಡಿಸಿ ಅಂಟಿಸಿದ್ದರಿಂದ ಅವು ಪಾಸಾಗದೆ ಬೇರೆ ದಾರಿಯೇ ಇರಲಿಲ್ಲ. ಭಾಷೆಯ ಕೋಡ್ ಓದುವಾಗ ಮೊದಲು ನೋಡಬೇಕಾದ್ದು ಇದನ್ನೇ. ನಾವು ಕೋಡನ್ನು ಬದಿಗಿಟ್ಟು ಕಾಗದದ ಮೇಲೆ ಬೇರೆ ಪಟ್ಟಿ ಬರೆದೆವು: 0, 11ರಿಂದ 23, 100, 101, ಎಲ್ಲ ನೂರುಗಳು, 999, 1,000, 1,001, 1,947, 99,999, 1,00,000, 1,05,000, 1,00,00,000. ತಪ್ಪು ಅಡಗುವುದು ಸಾಮಾನ್ಯವಾಗಿ ಅಂಕಿಗಳ ಈ ಗಡಿಗಳಲ್ಲೇ.

ಲಕ್ಷಕ್ಕೆ 'ನೂರು ಸಾವಿರ' ಎಂದು ಬಂತು. ಇಂಗ್ಲಿಷ್ ಕ್ಲಾಸನ್ನು (ಇಂಗ್ಲಿಷ್ ಪದಗಳಿಗಾಗಿ ಬರೆದ ಕೋಡಿನ ಭಾಗವನ್ನು) ಆಧಾರವಾಗಿ ತೆಗೆದುಕೊಂಡಿದ್ದರಿಂದ ಅಂಕಿಗಳು ಮೂರು ಮೂರಾಗಿ ಒಡೆಯುತ್ತಿದ್ದವು. ನಮ್ಮಲ್ಲಿ ಬಲದಿಂದ ಮೊದಲು ಮೂರು, ಆಮೇಲೆ ಎರಡೆರಡು. ಅದೇ ಕಾರಣಕ್ಕೆ 200 'ಎರಡು ನೂರು', 900 'ಒಂಬತ್ತು ನೂರು' ಆಗಿತ್ತು. ಇನ್ನೂರು, ಮುನ್ನೂರು, ಐನೂರು, ಒಂಬೈನೂರು ಗುಣಾಕಾರದಿಂದ ಹುಟ್ಟುವ ಪದಗಳಲ್ಲ, ನೂರರಿಂದ ಒಂಬೈನೂರರವರೆಗಿನ ಒಂಬತ್ತಕ್ಕೂ ಒಂದು ಕೋಷ್ಟಕ ಬೇಕು. 1ರಿಂದ 99ಕ್ಕೂ ಕೋಷ್ಟಕವೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಇಪ್ಪತ್ತೊಂದು, ಇಪ್ಪತ್ತಮೂರು, ಹತ್ತೊಂಬತ್ತು ಇವನ್ನೆಲ್ಲ ಸಂಧಿಯ ಸೂತ್ರದಲ್ಲಿ ಹಿಡಿಯಹೊರಟರೆ ಕೋಡ್ ಬೆಳೆಯುತ್ತದೆ, ಮುಂದೆ ಓದುವವರಿಗೆ ಅರ್ಥವಾಗುವುದಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಪದಗಳ ಜೋಡಣೆ. ಮುಂದೆ ಏನಾದರೂ ಉಳಿದಿದ್ದರೆ ಮಾತ್ರ ನೂರು 'ನೂರ' ಆಗುತ್ತದೆ, ಸಾವಿರ 'ಸಾವಿರದ', ಲಕ್ಷ 'ಲಕ್ಷದ', ಕೋಟಿ 'ಕೋಟಿಯ'. ಕೋಡ್ ಈ ಪ್ರತ್ಯಯವನ್ನು ಎಲ್ಲ ಕಡೆಗೂ ಹಚ್ಚುತ್ತಿತ್ತು, ಬರೇ 1,000 ಕೊಟ್ಟರೂ 'ಒಂದು ಸಾವಿರದ' ಎಂದು ನಿಲ್ಲುತ್ತಿತ್ತು. ಭಾಗಿಸಿದ ಮೇಲೆ ಶೇಷ ಸೊನ್ನೆಯೇ ಎಂದು ಪ್ರತಿ ಹಂತದಲ್ಲೂ ಕೇಳಬೇಕು. ಆಗ 1,05,000 'ಒಂದು ಲಕ್ಷದ ಐದು ಸಾವಿರ' ಎಂದು ಸರಿಯಾಗಿ ಮುಗಿಯುತ್ತದೆ.

ಕಣ್ಣಿಗೆ ಕಾಣದ ತಪ್ಪು ಇನ್ನೊಂದಿತ್ತು. 'ಎಂಟು', 'ತೊಂಬತ್ತು' ಪದಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿತ್ತು. ಅನುಸ್ವಾರದ ಯುನಿಕೋಡ್ ಸಂಕೇತ 0ಸಿ82, ಸೊನ್ನೆಯದು 0ಸಿಇ6. ಎಷ್ಟೋ ಫಾಂಟುಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಹುಡುಕಿದರೆ ಪದ ಸಿಗುವುದಿಲ್ಲ. ಪದಗಳ ಕೋಷ್ಟಕದಲ್ಲಿ ಕನ್ನಡ ಅಂಕಿ ಇದ್ದರೆ ಫೇಲಾಗುವ ಒಂದು ಟೆಸ್ಟು ಬರೆದರೆ ಇದು ಮತ್ತೆ ನುಸುಳದು. 'ಕೋ' ಅಕ್ಷರದ ಸ್ವರಚಿಹ್ನೆಯನ್ನೂ ಒಂದೇ ಸಂಕೇತವಾಗಿ ಅಥವಾ ಬಿಡಿಬಿಡಿಯಾಗಿ ಬರೆಯಬಹುದಾದ್ದರಿಂದ, ಹೋಲಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ಎಂಬ ಒಂದೇ ಬಗೆಯ ಯುನಿಕೋಡ್ ರೂಪಕ್ಕೆ ತರಲು ಹೇಳಿದೆವು. ವಿರಾಮಚಿಹ್ನೆ ತೆಗೆಯಲು ಬರೆದಿದ್ದ, ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಇನ್ನೂ ಅಪಾಯಕಾರಿ. ಪೈಥಾನಿನ ಮೂಲ ಮಾಡ್ಯೂಲಿನಲ್ಲಿ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯೂ ಎಂಬ 'ಅಕ್ಷರ' ಗುರುತಿಗೆ ಒತ್ತು, ಗುಣಿತಗಳು ಅಕ್ಷರವಾಗಿ ಲೆಕ್ಕಕ್ಕೆ ಬರುವುದಿಲ್ಲ. 'ಕನ್ನಡ' ಕೊಟ್ಟರೆ 'ಕನನಡ' ಹೊರಬರುತ್ತದೆ. ಆ ಸಾಲನ್ನೇ ತೆಗೆಸಿದೆವು.

ಪೈಸೆಯ ಲೆಕ್ಕಕ್ಕೆ ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ಬಳಸಿದ್ದರು. 0.29ನ್ನು 100ರಿಂದ ಗುಣಿಸಿದರೆ ಪೈಥಾನ್ 28.999999999999996 ಕೊಡುತ್ತದೆ, ಪೂರ್ಣಾಂಕಕ್ಕೆ ಇಳಿಸಿದರೆ 28 ಪೈಸೆ. ಇಲ್ಲಿ ದಶಮಾಂಶವನ್ನು ಇದ್ದಂತೆಯೇ ಇಡುವ ಡೆಸಿಮಲ್ ಬಿಟ್ಟು ಬೇರೇನೂ ಒಪ್ಪಬಾರದು.

ನಾನೂರೋ ನಾನ್ನೂರೋ, ಎಂಬತ್ತೋ ಎಂಭತ್ತೋ ಎಂಬುದರಲ್ಲಿ ನಾವು ಕೈಹಾಕಲಿಲ್ಲ. ಎರಡೂ ರೂಢಿಯಲ್ಲಿವೆ. ಯಾವುದನ್ನು ಆರಿಸಿದರೂ ಫೈಲಿನುದ್ದಕ್ಕೂ ಅದೇ ಇರಲಿ ಎಂದಷ್ಟೇ ಬರೆದೆವು. ಪರಿಶೀಲಿಸುವವರು ತಮ್ಮ ಊರಿನ ಕನ್ನಡವನ್ನೇ ಸರಿಯೆಂದು ಹೇರಿದರೆ ಕೋಡ್ ಕಳಿಸಿದವರು ಮತ್ತೆ ಈ ಕಡೆ ಬರುವುದಿಲ್ಲ. ಪ್ರತಿ ಕಾಮೆಂಟಿನಲ್ಲೂ ಕೊಟ್ಟ ಸಂಖ್ಯೆ, ಬಂದ ಉತ್ತರ, ಬರಬೇಕಾದ ಉತ್ತರ ಮೂರನ್ನೂ ಬರೆದೆವು. ಹಾಗಿದ್ದರೆ ವಾದ ಬೆಳೆಯುವುದಿಲ್ಲ, ತಿದ್ದುವುದೂ ಬೇಗ.

ಇದೇ ಕ್ಲಾಸಿನಿಂದ ತುಳುವನ್ನೂ ಹೊರಡಿಸಬಹುದು ಎಂಬ ಟಿಪ್ಪಣಿ ಫೈಲಿನಲ್ಲಿತ್ತು. ಆಸೆ ಒಳ್ಳೆಯದೇ, ನಮಗೂ ಅದು ಬೇಕು. ಆದರೆ ತುಳುವಿಗೆ ಟಿಸಿವೈ ಎಂಬ ಸ್ವಂತ ಭಾಷಾ ಸಂಕೇತವಿದೆ. ಒಂಜಿ, ರಡ್ಡ್, ಮೂಜಿ ಎಂದು ಪದಗಳೂ ಬೇರೆ. ಪದದ ಕೊನೆಯ ಅರ್ಧ ಉಕಾರವನ್ನು ಕನ್ನಡ ಲಿಪಿಯಲ್ಲಿ ಅರ್ಧಾಕ್ಷರವಾಗಿ ಬರೆಯುವುದರಿಂದ, ಕನ್ನಡದ ಉಕಾರ ನೋಡಿ ಕೆಲಸ ಮಾಡುವ ಸೂತ್ರಗಳು ಅಲ್ಲಿ ನಡೆಯವು. ಬೇರೆ ಫೈಲು, ಬೇರೆ ಪುಲ್ ರಿಕ್ವೆಸ್ಟ್ ಆಗಲಿ ಎಂದೆವು.

ಉಳಿದದ್ದು 'ನೇ' ಪ್ರತ್ಯಯ. ಒಂದು 'ಒಂದನೇ' ಆಗುವಂತೆ ಕೊನೆಯ ಉಕಾರವನ್ನು ಅಕಾರ ಮಾಡಿ 'ನೇ' ಹಚ್ಚಿದರೆ ಸಾವಿರದೊಳಗೆ ಸಾಕು. ಸಾವಿರ, ಲಕ್ಷ, ಕೋಟಿ ಉಕಾರದಲ್ಲಿ ಮುಗಿಯುವುದಿಲ್ಲವಾದ್ದರಿಂದ, ಸದ್ಯಕ್ಕೆ 1,000 ಮತ್ತು ಮೇಲಿನವಕ್ಕೆ ತಪ್ಪು ಪದ ಕೊಡುವ ಬದಲು ಎರರ್ ಎಸೆಯುವಂತೆ ಮಾಡಿ ವಿಲೀನಕ್ಕೆ ಒಪ್ಪಿಗೆ ಕೊಟ್ಟೆವು.